ಕೆಡದ ಹಾರ್ಡ್ ಡಿಸ್ಕನ್ನು ಕೆಟ್ಟಿದೆ ಎಂದಿರಿ: ಸರ್ವೀಸ್ ಸೆಂಟರಿಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಆಲ್-ಇನ್-ಒನ್ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕುವಾಗ ಆದ ತಪ್ಪು, ಸುಸ್ಥಿತಿಯಲ್ಲಿದ್ದ ಹಾರ್ಡ್ ಡಿಸ್ಕ್ ಹಾಳಾಗಿದೆ ಎಂದು ಹೇಳಿ ಬೇರೆಯದನ್ನು ಮಾರಿದ್ದರ ಬಗ್ಗೆ

ಮಾನ್ಯರೆ,

ಕಳೆದ ತಿಂಗಳು ನನ್ನ ಆಲ್-ಇನ್-ಒನ್ ಕಂಪ್ಯೂಟರನ್ನು ನಿಮ್ಮ ಸರ್ವೀಸ್ ಸೆಂಟರಿಗೆ ತಂದುಕೊಟ್ಟಾಗ ಅದು ಕೆಟ್ಟಿರಲಿಲ್ಲ. ನಿಧಾನವಾಗಿತ್ತು, ಅಷ್ಟೇ. ಅಂದು ಬೆಳಿಗ್ಗೆಯೂ ಅದರಲ್ಲಿ ಎರಡು ಗಂಟೆ ಕೆಲಸ ಮಾಡಿದ್ದೆ. ಮೂರು ದಿನ ಬಿಟ್ಟು ನಿಮ್ಮಲ್ಲಿಂದ ಫೋನು ಬಂತು, ಹಾರ್ಡ್ ಡಿಸ್ಕ್ ಹೋಗಿದೆ ಎಂದು. ಬೇಕೆಂದೇ ಸುಳ್ಳು ಹೇಳಿದಿರಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಹೇಳಿದಿರಿ. ಆ ಮಾತು ನಂಬಿ ನನಗೆ ಬೇಡವಾಗಿದ್ದ ಇನ್ನೊಂದು ಡಿಸ್ಕ್ ಕೊಂಡೆ, ತಪಾಸಣೆಯ ಶುಲ್ಕ ಕಟ್ಟಿದೆ, ಹನ್ನೊಂದು ದಿನ ನಿದ್ದೆಗೆಟ್ಟೆ. ನಡೆದದ್ದೇನು ಎಂಬುದು ಈಗ ನನಗೆ ಪೂರ್ತಿ ಗೊತ್ತಾಗಿದೆ. ನಿಮಗೂ ಗೊತ್ತಾಗಬೇಕೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಪುಸ್ತಕಗಳ ಪುಟವಿನ್ಯಾಸ ಮಾಡುವವಳು. ಈ ಕಂಪ್ಯೂಟರಿನಲ್ಲಿದ್ದದ್ದು 1 ಟಿಬಿಯ, ನಿಮಿಷಕ್ಕೆ 5400 ಸುತ್ತು ತಿರುಗುವ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್. ಆ ವೇಗದ ತಟ್ಟೆಯಲ್ಲಿ ಬೇಕಾದ ಜಾಗ ತಿರುಗಿ ಓದುವ ಹೆಡ್ಡಿನ ಕೆಳಗೆ ಬರುವುದಕ್ಕೇ ಸರಾಸರಿ ಐದೂವರೆ ಮಿಲಿಸೆಕೆಂಡು ಹಿಡಿಯುತ್ತದೆ. ಕೇಳುವಾಗ ಅದು ಏನೂ ಅಲ್ಲ ಅನ್ನಿಸುತ್ತದೆ. ಫಾಂಟು, ಚಿತ್ರ, ಅಧ್ಯಾಯ ಎಂದು ನೂರಾರು ಸಣ್ಣ ಫೈಲುಗಳನ್ನು ಒಟ್ಟಿಗೆ ತೆರೆಯುವವರಿಗೆ ಅದೇ ಸೇರಿ ಸೇರಿ ನಿಮಿಷಗಳಾಗುತ್ತವೆ. ಅದಕ್ಕೇ ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಹಾಕಿಸಲು ಬಂದೆ. ಜಾಬ್ ಶೀಟಿನಲ್ಲಿ ನಿಮ್ಮ ಕೌಂಟರಿನವರು ನನ್ನೆದುರೇ ಎರಡು ಸಾಲು ಬರೆದರು: 1 ಟಿಬಿಯ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಹೊಸದಾಗಿ ವಿಂಡೋಸ್ ಹಾಕುವುದು, ಹಳೆಯ ಹಾರ್ಡ್ ಡಿಸ್ಕನ್ನು ಅದರೊಳಗಿನ ಫೈಲುಗಳ ಸಮೇತ ಹಾಗೇ ಉಳಿಸಿಕೊಡುವುದು. ಅದರ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಎರಡನೆಯ ಸಾಲಿನ ಕೆಳಗೆ ಗೆರೆ ಎಳೆಸಿದ್ದು ನಾನೇ.

ಮೂರನೆಯ ದಿನ ಮಾತಾಡಿದ ತಂತ್ರಜ್ಞರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಮೇಡಂ, ಎಸ್‌ಎಸ್‌ಡಿ ಕೂತಿದೆ, ಸೂಪರ್ ಸ್ಪೀಡ್ ಬಂದಿದೆ. ಆದ್ರೆ ಹಳೇ ಹಾರ್ಡ್ ಡಿಸ್ಕ್ ಹೋಗ್ಬಿಟ್ಟಿದೆ. ಪಾರ್ಟಿಷನ್ನೇ ತೋರಿಸ್ತಿಲ್ಲ, ಇನಿಷಿಯಲೈಸ್ ಮಾಡಿ ಅಂತ ಕೇಳ್ತಿದೆ. ಬ್ಯಾಡ್ ಸೆಕ್ಟರ್ ಇರ್ಬೇಕು. ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡ್ಲಾ?"

ಬೇಡ ಎಂದೆ. ಯಾವ ತಿಳಿವಳಿಕೆಯಿಂದಲೂ ಹೇಳಿದ್ದಲ್ಲ, ಹೆದರಿಕೆಯಿಂದ ಹೇಳಿದ್ದು. ಆ ಒಂದು ಮಾತು ನನ್ನ ಬಾಯಲ್ಲಿ ಬರದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆ ಡಿಸ್ಕಿನಲ್ಲಿ ಅಚ್ಚಿಗೆ ಹೋಗಬೇಕಿದ್ದ ಪುಸ್ತಕವೊಂದರ ಮೂರನೆಯ ಕರಡು ಇತ್ತು. ಲೇಖಕರಿಗೆ ಎಂಬತ್ತು ದಾಟಿದೆ. ನಡುಗುವ ಕೈಯಲ್ಲಿ ಪುಟ ಪುಟವನ್ನೂ ತಿದ್ದಿ ಕಳಿಸಿದ್ದರು, ನಾನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ್ದೆ. ಅದರ ಪದಸೂಚಿಯನ್ನು ಮಾಡಲು ಐದು ವಾರ ಹಿಡಿದಿತ್ತು. ಬೇರೆ ಡ್ರೈವಿನಲ್ಲಿ ನಾನು ತೆಗೆದಿಟ್ಟಿದ್ದ ಬ್ಯಾಕಪ್ಪು ಮೂರು ತಿಂಗಳು ಹಳೆಯದು. ಅಂದರೆ ಈ ಕೆಲಸವೆಲ್ಲ ಆ ಒಂದೇ ಡಿಸ್ಕಿನಲ್ಲಿತ್ತು. ಬ್ಯಾಕಪ್ ತಡವಾದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಉಳಿಸಿಕೊಡಿ ಎಂದು ಬರೆಸಿಕೊಂಡ ಮೇಲೆ ಉಳಿಸುವ ಹೊಣೆ ನಿಮ್ಮದೂ ಆಗಿತ್ತು.

ಕಂಪ್ಯೂಟರ್ ತೆಗೆದುಕೊಂಡು ಹೋಗಲು ಬಂದಾಗ ಕೌಂಟರಿನಲ್ಲಿದ್ದವರು, ತರುವಾಗ ಅಲುಗಾಡಿರಬೇಕು, ಹಳೆಯ ಡಿಸ್ಕುಗಳು ಹೀಗೇ ಇದ್ದಕ್ಕಿದ್ದಂತೆ ಹೋಗುತ್ತವೆ ಎಂದರು. ಡೇಟಾ ಬೇಕೇ ಬೇಕೆಂದರೆ ರಿಕವರಿ ಲ್ಯಾಬಿಗೆ ಕಳಿಸಬೇಕು, ಬರುವ ಖಾತ್ರಿ ಇಲ್ಲ ಎಂದರು. ಹಳೆಯದರ ಜಾಗದಲ್ಲಿ ಹೊಸ ಹಾರ್ಡ್ ಡಿಸ್ಕ್ ಕೂರಿಸಿಯೇ ಬಿಟ್ಟಿದ್ದರು, ಬಿಲ್ಲಿನಲ್ಲಿ ಅದೂ ಸೇರಿತ್ತು. ಹಳೆಯ ಡಿಸ್ಕನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಅದೇ ಕವರಿನ ತಳದಲ್ಲಿ ಬೆರಳುದ್ದದ ಹಸಿರು ಕಾರ್ಡೊಂದು ಬಿದ್ದಿತ್ತು. ಅದೇನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಪರಿಚಯದವರೊಬ್ಬರಿಗೆ ಆ ಕವರನ್ನು ತೋರಿಸಿದೆ. ಅವರು ಡಿಸ್ಕನ್ನು ಪಕ್ಕಕ್ಕಿಟ್ಟು ಕಾರ್ಡನ್ನು ಕೈಗೆತ್ತಿಕೊಂಡರು. ಅದರ ಮೇಲಿನ 16 ಜಿಬಿ ಎಂಬ ಅಕ್ಷರ ಓದಿ, "ಇದನ್ನ ಕೀಳೋ ಮೊದಲು ಡಿಸ್ಕಿನಿಂದ ಬಿಡಿಸಿದ್ರಾ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಿಮ್ಮಲ್ಲಿ ಒಬ್ಬರಾದರೂ ಕೇಳಿಕೊಂಡಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ಕಾರ್ಡು ಇಂಟೆಲ್ ಕಂಪನಿಯ ಆಪ್ಟೇನ್ ಮೆಮೊರಿ. 2017ರಲ್ಲಿ 16 ಮತ್ತು 32 ಜಿಬಿಯ ಕಾರ್ಡುಗಳಾಗಿ ಮಾರುಕಟ್ಟೆಗೆ ಬಂದದ್ದು. ಹೆಸರಿನಲ್ಲಿ ಮೆಮೊರಿ ಎಂದಿದ್ದರೂ ಅದು ರ‍್ಯಾಮ್ ಅಲ್ಲ. ನಿಧಾನದ ಹಾರ್ಡ್ ಡಿಸ್ಕಿನ ಜೊತೆ ಅದನ್ನು ಜೋಡಿಸಿದರೆ, ಪದೇ ಪದೇ ಬೇಕಾಗುವ ಫೈಲುಗಳನ್ನು ತನ್ನಲ್ಲಿಟ್ಟುಕೊಂಡು ಬೇಗ ಕೊಡುತ್ತದೆ. ಜೋಡಿಯಾದ ಮೇಲೆ ವಿಂಡೋಸಿನ ಕಣ್ಣಿಗೆ ಎರಡೂ ಸೇರಿ ಒಂದೇ ಡಿಸ್ಕು. ಹೊಸದಾಗಿ ಬರೆದ ಡೇಟಾದಲ್ಲಿ ಒಂದಷ್ಟು ಇನ್ನೂ ಕಾರ್ಡಿನಲ್ಲೇ ಇರಬಹುದು, ತಟ್ಟೆಗೆ ಇಳಿದಿರಲಿಕ್ಕಿಲ್ಲ. ಆದ್ದರಿಂದ ಕಾರ್ಡು ಕೀಳುವ ಮೊದಲು ವಿಂಡೋಸ್ ಒಳಗೆ ಹೋಗಿ ಆಪ್ಟೇನನ್ನು ಡಿಸೇಬಲ್ ಮಾಡಬೇಕು. ಆಗ ಉಳಿದದ್ದೆಲ್ಲ ಡಿಸ್ಕಿಗೆ ಇಳಿದು ಜೋಡಿ ಬಿಡುತ್ತದೆ. ಹಾಗೆ ಮಾಡದೆ ಕಿತ್ತರೆ ಡಿಸ್ಕು ಒಂಟಿಯಾಗಿ ಅರ್ಥವಾಗದ ಸ್ಥಿತಿಯಲ್ಲಿ ಉಳಿಯುತ್ತದೆ. ವಿಂಡೋಸ್ ಅದನ್ನು ನೋಡಿ, ಇದು ಖಾಲಿ ಡಿಸ್ಕ್ ಇರಬೇಕು, ಇನಿಷಿಯಲೈಸ್ ಮಾಡಲೇ, ಅಂದರೆ ಹೊಸ ಡಿಸ್ಕಿನಂತೆ ಸಿದ್ಧಮಾಡಲೇ ಎಂದು ಕೇಳುತ್ತದೆ. ನಿಮ್ಮ ತಂತ್ರಜ್ಞರು ಬ್ಯಾಡ್ ಸೆಕ್ಟರ್, ಅಂದರೆ ತಟ್ಟೆಯಲ್ಲಿ ಓದಲು ಬಾರದಂತೆ ಕೆಟ್ಟ ಜಾಗ ಎಂದುಕೊಂಡದ್ದು ಇದನ್ನೇ.

ನನ್ನ ಕಂಪ್ಯೂಟರಿನಲ್ಲಿ ಇಂಥ ಕಾರ್ಡು ಕೂರುವ ಎಂ.2 ಸ್ಲಾಟ್ ಇರುವುದು ಒಂದೇ. ಹೊಸ ಎಸ್‌ಎಸ್‌ಡಿ ಕೂರಬೇಕಾದರೆ ಆಪ್ಟೇನ್ ಕಾರ್ಡು ಏಳಲೇಬೇಕಿತ್ತು. ಹಾಗಾಗಿ ಇದು ಎಲ್ಲೋ ಮೂಲೆಯಲ್ಲಿ ಅಡಗಿದ್ದು ಕಣ್ಣು ತಪ್ಪಿದ ಭಾಗ ಎನ್ನುವಂತಿಲ್ಲ. ಸ್ಕ್ರೂ ಬಿಚ್ಚಿ ಕೈಯಾರೆ ತೆಗೆದದ್ದು, ಕವರಿಗೆ ಹಾಕಿದ್ದು ನಿಮ್ಮವರೇ. ಇಷ್ಟು ಸಾಲದೆಂಬಂತೆ ಬಯೋಸಿನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ, ಡಿಸ್ಕಿನ ಜೊತೆ ವ್ಯವಹರಿಸುವ ಬಗೆಯಾದ ಸಾಟಾ ಮೋಡನ್ನು ಇಂಟೆಲಿನ ಆರ್‌ಎಸ್‌ಟಿಯಿಂದ ಸಾಮಾನ್ಯವಾದ ಎಎಚ್‌ಸಿಐಗೆ ಬದಲಿಸಿದ್ದರು. ಹೊಸ ವಿಂಡೋಸಿಗೆ ಅದು ಸರಿ. ಆದರೆ ಡಿಸ್ಕೂ ಕಾರ್ಡೂ ಜೋಡಿ ಎಂದು ಗುರುತಿಸಬಲ್ಲದ್ದು ಆರ್‌ಎಸ್‌ಟಿ ಮೋಡ್ ಮಾತ್ರ. ಅದನ್ನೂ ತೆಗೆದುಹಾಕಿದ ಮೇಲೆ ನಿಜ ತಿಳಿಯುವ ದಾರಿಯೇ ಮುಚ್ಚಿತು.

ನನ್ನ ಪರಿಚಯದವರು ಮಾಡಿದ್ದು ನಿಮ್ಮ ಕೆಲಸವನ್ನೇ ಹಿಂದಿನಿಂದ ಮುಂದಕ್ಕೆ. ಕಂಪ್ಯೂಟರನ್ನು ದಪ್ಪ ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಹಿಂದಿನ ಕವರು ಬಿಚ್ಚಿ, ಎಸ್‌ಎಸ್‌ಡಿ ತೆಗೆದು, ಅದೇ ಸ್ಲಾಟಿಗೆ ಆಪ್ಟೇನ್ ಕಾರ್ಡು ಹಾಕಿದರು. ನೀವು ಮಾರಿದ ಡಿಸ್ಕನ್ನು ತೆಗೆದು ಹಳೆಯದನ್ನು ಅದರ ಜಾಗಕ್ಕೆ ಕೂರಿಸಿದರು. ಬಯೋಸಿನಲ್ಲಿ ಮೋಡನ್ನು ಹಿಂದಿನಂತೆ ಮಾಡಿದರು. ಪವರ್ ಬಟನ್ ಒತ್ತಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹಳೆಯ ವಿಂಡೋಸ್ ಹಾಗೇ ತೆರೆದುಕೊಂಡಿತು. ಡೆಸ್ಕ್‌ಟಾಪಿನ ಎಡಮೂಲೆಯಲ್ಲಿ "ಪದಸೂಚಿ" ಎಂಬ ಫೋಲ್ಡರ್ ನಾನಿಟ್ಟ ಜಾಗದಲ್ಲೇ ಇತ್ತು. ಅವರು ಮೊದಲು ಅದನ್ನು ಬೇರೆ ಡ್ರೈವಿಗೆ ಕಾಪಿ ಮಾಡಿಸಿದರು, ಆಮೇಲೆ ಆಪ್ಟೇನ್ ಡಿಸೇಬಲ್ ಮಾಡಿದರು. ಕಂಪ್ಯೂಟರು ಒಮ್ಮೆ ರೀಸ್ಟಾರ್ಟ್ ಆಯಿತು, ಜೋಡಿ ಬಿಟ್ಟಿತು. ಮತ್ತೆ ಕಾರ್ಡು ತೆಗೆದು ಎಸ್‌ಎಸ್‌ಡಿ ಹಾಕಿ ಎಎಚ್‌ಸಿಐ ಮಾಡಿದ ಮೇಲೆ ಹಳೆಯ ಡಿಸ್ಕಿನ ಒಂದೊಂದು ಫೈಲೂ ಓದಲು ಬಂತು. ಇಷ್ಟಕ್ಕೂ ಹಿಡಿದದ್ದು ಒಂದು ಮಧ್ಯಾಹ್ನ.

ಡಿಸ್ಕ್ ನಿಜಕ್ಕೂ ಕೆಟ್ಟಿತ್ತೇ ಎಂಬುದನ್ನೂ ಅವರು ಅಂದೇ ನೋಡಿದರು. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ದಾಖಲೆಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಕೆಟ್ಟ ಸೆಕ್ಟರಿಗೆ ಬದಲಿ ಕೊಟ್ಟ ಎಣಿಕೆ 0. ಬದಲಿಗಾಗಿ ಕಾದಿರುವ ಸೆಕ್ಟರುಗಳ ಎಣಿಕೆಯೂ 0. ಆ ಪರದೆಯ ಚಿತ್ರವನ್ನೂ ಲಗತ್ತಿಸಿದ್ದೇನೆ. ಡಿಸ್ಕ್ ಹೋಗಿದೆ ಎಂದು ಗ್ರಾಹಕರಿಗೆ ಫೋನ್ ಮಾಡುವ ಮೊದಲು ಎರಡು ನಿಮಿಷದಲ್ಲಿ ನೋಡಬಹುದಾದ ಸಂಖ್ಯೆಗಳಿವು. ನೀವು ತಪಾಸಣೆಗೆಂದು ಶುಲ್ಕ ತೆಗೆದುಕೊಂಡಿದ್ದೀರಿ. ಏನನ್ನು ತಪಾಸಿಸಿದಿರಿ ಎಂದು ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.

ಇನ್ನೊಂದು ವಿಷಯ. ಕಂಪ್ಯೂಟರ್ ಮನೆಗೆ ಬಂದ ದಿನದಿಂದ ಸ್ವಲ್ಪ ವಾಲಿಸಿದರೂ ಒಳಗೆ ಏನೋ ಕಟಕಟ ಎನ್ನುತ್ತಿತ್ತು. ಕವರು ಬಿಚ್ಚಿದಾಗ ಗೊತ್ತಾಯಿತು: ಎಂ.2 ಸ್ಲಾಟಿನ ಸ್ಕ್ರೂ ಕೆಳಗೆ ಬಿದ್ದು ಮದರ್‌ಬೋರ್ಡಿನ ಮೇಲೆಲ್ಲ ಓಡಾಡುತ್ತಿತ್ತು. ನಿಮ್ಮ ಎಸ್‌ಎಸ್‌ಡಿಯನ್ನು ಒಂದು ತುಂಡು ಟೇಪಿನಿಂದ ಅಂಟಿಸಿದ್ದರು. ಎಸ್‌ಎಸ್‌ಡಿಯ ತುದಿ ಸ್ಕ್ರೂ ಇಲ್ಲದಿದ್ದರೆ ತಾನಾಗಿ ಮೇಲಕ್ಕೇಳುತ್ತದೆ, ಅಲ್ಲಿ ಬಿಸಿಯೂ ಇರುತ್ತದೆ, ಟೇಪಿನ ಅಂಟು ಎಷ್ಟು ದಿನ ತಡೆದೀತು? ಅದಕ್ಕಿಂತ ದೊಡ್ಡ ಅಪಾಯ ಆ ಬಿಡಿ ಸ್ಕ್ರೂ. ವಿದ್ಯುತ್ ಹರಿಯುವ ಬೋರ್ಡಿನ ಮೇಲೆ ಲೋಹದ ತುಂಡು ಹನ್ನೊಂದು ದಿನ ಉರುಳಾಡಿದೆ. ಎರಡು ಬಿಂದು ತಾಗಿದ್ದರೆ ಕಂಪ್ಯೂಟರೇ ಸುಟ್ಟುಹೋಗಬಹುದಿತ್ತು. ಹಿಂದಿನ ಕವರಿನ ಮೂರು ಲಾಕುಗಳೂ ಮುರಿದಿವೆ. ಎಡಗಡೆ ಕೆಳಮೂಲೆ ಈಗ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಎಸ್‌ಎಸ್‌ಡಿಯ ಬಗ್ಗೆ ನನ್ನ ತಕರಾರಿಲ್ಲ. ಅದು ಹೊಸದೇ, ನೀವು ಹೇಳಿದ ಸಾಮರ್ಥ್ಯದ್ದೇ. ನಾನೂರು ಪುಟದ ಪುಸ್ತಕ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಆ ತಂತ್ರಜ್ಞರ ಮೇಲೂ ಕ್ರಮ ಕೈಗೊಳ್ಳಿ ಎಂದು ನಾನು ಕೇಳುತ್ತಿಲ್ಲ. ದನಿ ಕೇಳಿದರೆ ಚಿಕ್ಕ ಹುಡುಗ, ಫಾರ್ಮ್ಯಾಟ್ ಮಾಡುವ ಮೊದಲು ನನ್ನನ್ನು ಕೇಳಿದ. ಅಷ್ಟು ಕೇಳಿದ್ದಕ್ಕೆ ಅವನಿಗೆ ನಾನು ಋಣಿ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ನಿಮ್ಮ ಹೊಣೆ. ಆಪ್ಟೇನ್ ವ್ಯವಹಾರವನ್ನು ನಿಲ್ಲಿಸುವುದಾಗಿ ಇಂಟೆಲ್ 2022ರಲ್ಲೇ ಹೇಳಿದೆ. ಹಾಗಾಗಿ ಈ ಕಾರ್ಡಿರುವ ಕಂಪ್ಯೂಟರುಗಳೆಲ್ಲ ಈಗ ಹಳೆಯವು, ನಿಧಾನವಾಗಿ ಒಂದೊಂದೇ ಎಸ್‌ಎಸ್‌ಡಿ ಹಾಕಿಸಲು ನಿಮ್ಮಂಥವರ ಮೇಜಿಗೇ ಬರುವಂಥವು. ನನಗಾದದ್ದು ಇನ್ನೊಬ್ಬರಿಗೂ ಆಗುತ್ತದೆ. ಅವರಿಗೆ ಲ್ಯಾಬ್ ನೋಡಿಕೊಳ್ಳುವ ಪರಿಚಯದವರು ಇಲ್ಲದಿರಬಹುದು, ಫೋನಿನಲ್ಲಿ ಅವರು "ಆಯ್ತು, ಮಾಡಿ" ಎಂದುಬಿಡಬಹುದು.

ನನ್ನ ಕೋರಿಕೆಗಳು ಹೆಚ್ಚೇನಿಲ್ಲ. ನೀವು ಮಾರಿದ ಹಾರ್ಡ್ ಡಿಸ್ಕನ್ನು ಬಿಲ್ಲಿನ ಸಮೇತ ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ, ಅದರ ಪೂರ್ತಿ ಹಣವನ್ನೂ ತಪಾಸಣೆಯ ಶುಲ್ಕವನ್ನೂ ಮರಳಿ ಕೊಡಿ. ಮುರಿದ ಕವರಿಗೆ ಬದಲಾಗಿ ಹೊಸ ಕವರು ಹಾಕಿಸಿಕೊಡಿ. ಹಳೆಯ ಡಿಸ್ಕ್ ಕೆಟ್ಟಿರಲಿಲ್ಲ, ನಮ್ಮ ಕಡೆಯಿಂದ ತಪ್ಪಾಯಿತು ಎಂದು ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಪುಸ್ತಕ ಅಚ್ಚಿಗೆ ಹೋಗುವುದು ಎರಡು ವಾರ ತಡವಾಯಿತು, ಆ ಹಿರಿಯರಿಗೆ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದ ಬೇಕು.

ಜೊತೆಗೆ, ನಿಮ್ಮ ಜಾಬ್ ಶೀಟಿಗೆ ಎರಡು ಪ್ರಶ್ನೆ ಸೇರಿಸಿ: ಆಪ್ಟೇನ್ ಇದೆಯೇ, ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದೆಯೇ ಎಂದು. ಎರಡನೆಯದನ್ನು ಯಾಕೆ ಹೇಳುತ್ತೇನೆಂದರೆ, ನನ್ನ ಡಿಸ್ಕಿಗೆ ಬಿಟ್‌ಲಾಕರ್ ಇದ್ದಿದ್ದರೆ ಬಯೋಸಿನಲ್ಲಿ ಬದಲಾವಣೆ ಮಾಡಿದ ಮೇಲೆ 48 ಅಂಕಿಯ ರಿಕವರಿ ಕೀ ಕೇಳುವ ಸಾಧ್ಯತೆ ಇತ್ತು, ನಿಮ್ಮವರು ಅದನ್ನೂ ಕೇಳಿರಲಿಲ್ಲ. ಜಾಬ್ ಶೀಟಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಡೇಟಾಗೆ ನಾವು ಜವಾಬ್ದಾರರಲ್ಲ" ಎಂದಿದೆ, ನೋಡಿದ್ದೇನೆ. ಅದರ ಮೇಲೆಯೇ ನಿಮ್ಮವರ ಕೈಬರಹದಲ್ಲಿ, ಫೈಲುಗಳ ಸಮೇತ ಉಳಿಸಿಕೊಡುವುದು ಎಂದೂ ಇದೆ.

ಪತ್ರ ತಲುಪಿದ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕರ ದೂರು ಕೇಳುವ ವೇದಿಕೆಗೆ ಹೋಗುತ್ತೇನೆ. ಕವರು ಹಾಕಿಸಲು ಕಂಪ್ಯೂಟರನ್ನು ಯಾವ ದಿನ ತರಬೇಕೆಂದು ತಿಳಿಸಿ. ಬಿಚ್ಚುವಾಗ ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅದಕ್ಕೆ ಅನುಮತಿ ಇರಲಿ.

ಇತಿ,
ನಿಮ್ಮ ಗ್ರಾಹಕಿ