ಹೊಳೆಗುಂಟ ಹೊರಟ ಮಾಣಿಗೆ

ಶಿರಸಿ

ಪ್ರೀತಿಯ ಮಾಣಿಗೆ ಅಪ್ಪಚ್ಚಿಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನೇ ಯೋಚಿಸುತ್ತಿದ್ದೇನೆ. ಜುಲೈಯಲ್ಲಿ ಅಪ್ಪನ ವರ್ಷಾಂತಿಕ ಮುಗಿಸಿ, ಶಂಕರಹೊಂಡದಿಂದ ಅಘನಾಶಿನಿ ಹೊಳೆಗುಂಟ ಸಮುದ್ರದವರೆಗೆ ನಡೆಯುತ್ತೇನೆ, ಕೊನೆಗೆ ಅಪ್ಪನ ಹಾಗೆ ತದಡಿಯ ಹತ್ತಿರ, ಹೊಳೆ ಸಮುದ್ರ ಸೇರುವ ಅಳಿವೆಯನ್ನು ಈಜಿ ಆಚೆ ದಡ ಸೇರುತ್ತೇನೆ ಅಂದೆ. ಅತ್ತಿಗೆ ಪಕ್ಕದಲ್ಲೇ ಕೂತಿದ್ದರು, ಅದಕ್ಕೆ ನಾನು ಜಾಸ್ತಿ ಮಾತಾಡಲಿಲ್ಲ. ಬರೆದು ಹೇಳುವುದೇ ಒಳ್ಳೆಯದು ಅನಿಸಿತು.

ಮೊದಲು ಇದನ್ನು ತಿಳಿದುಕೋ. ನಿನ್ನ ಅಪ್ಪ, ನನ್ನ ಅಣ್ಣ, ಅಳಿವೆಯನ್ನು ಈಜಿ ದಾಟಿಲ್ಲ. ದೋಣಿಯಲ್ಲಿ ಕೂತು ದಾಟಿದ. ಅದೇ ದೋಣಿಯಲ್ಲಿ ನಾನೂ ಇದ್ದೆ.

ಹದಿಮೂರನೇ ದಿನ ಊಟ ಆದಮೇಲೆ ಜಗಲಿಯಲ್ಲಿ ಕವಳ ಹಾಕುತ್ತ ಕೂತವರು ಹೇಳಿದ್ದನ್ನೆಲ್ಲ ನೀನು ಕಿವಿಗೊಟ್ಟು ಕೇಳುತ್ತಿದ್ದೆ. ಅಳಿವೆ ಈಜಿದ ಅಂದರು. ಯಾಣದ ಬಂಡೆಯನ್ನು ಬರಿಗೈಯಲ್ಲಿ ಹತ್ತಿದ ಅಂದರು. ಯಾಣದ ಭೈರವೇಶ್ವರ ಶಿಖರ ಅಂದರೆ 120 ಮೀಟರ್ ಎತ್ತರದ ಕಡಿದಾದ ಕಪ್ಪು ಕಲ್ಲು. ಅಣ್ಣ ಅದರ ಬುಡದಲ್ಲಿ ಪ್ರದಕ್ಷಿಣೆ ಹಾಕಿ ಬಂದವನು, ಅಷ್ಟೇ. ರಸ್ತೆ ಇಲ್ಲದ ಕಾಲದಲ್ಲಿ ಕಾಡಿನೊಳಗೆ ನಡೆದು ಹೋಗಿದ್ದು ನಿಜ, ಅದೇನು ಸಣ್ಣ ಸಾಹಸ ಅಲ್ಲ. 'ಸೊಕ್ಕಿದ್ದವ ಯಾಣಕ್ಕೆ ಹೋಗು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗು' ಅಂತ ನಮ್ಮ ಕಡೆ ಗಾದೆಯೇ ಇದೆ. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದರು. ಆದರೆ ಅಳಿವೆ ಈಜಿದೆ ಅನ್ನುವ ಮಾತನ್ನು ಅವನ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಜಗಲಿಯ ಆ ಮಾತು ನಂಬಿ ನೀನು ನೀರಿಗಿಳಿಯಲು ಹೊರಟಿರುವಾಗ, ನಡೆದದ್ದು ಏನು ಅಂತ ನಾನೇ ಹೇಳಬೇಕು. ಅವತ್ತು ಅವನ ಜೊತೆ ಇದ್ದವರಲ್ಲಿ ಈಗ ಉಳಿದವನು ನಾನೊಬ್ಬನೇ.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಕಾಡಿನಲ್ಲಿ ಅಪ್ಪಿಕೋ ಚಳವಳಿ ಶುರುವಾಯಿತಲ್ವಾ, ಜನ ಮರಗಳನ್ನು ತಬ್ಬಿ ನಿಂತು ಕಡಿಯುವುದನ್ನು ತಡೆದದ್ದು. ಅಣ್ಣ ಆಗ ಕಾಲೇಜು ಹುಡುಗ. ಕ್ಲಾಸು ಬಿಟ್ಟು ಅಲ್ಲಿಗೆ ಹೋಗಿ ನಿಂತ. ಮನೆಗೆ ಬಂದವನೇ, ಕಾಡು ಉಳಿಸಿ ಅನ್ನುವವರು ಕಾಡನ್ನು ನಡೆದು ನೋಡಬೇಡವಾ ಅಂತ ಶುರುಮಾಡಿದ. ಆ ಚಳಿಗಾಲದಲ್ಲಿ ನನ್ನನ್ನೂ ಕರೆದುಕೊಂಡು ಹೊಳೆಗುಂಟ ಹೊರಟ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಇಬ್ಬರು ಗಂಡುಮಕ್ಕಳೂ ನಾಪತ್ತೆ ಅಂತ ನಿನ್ನ ಅಜ್ಜ ಕೇರಿಗೆಲ್ಲ ಕೇಳುವ ಹಾಗೆ ಕೂಗಾಡಿದರಂತೆ.

ಅವನ ಚೀಲದಲ್ಲಿ ಅವಲಕ್ಕಿ, ಜೋನಿಬೆಲ್ಲ, ಉಂಬಳ (ಜಿಗಣೆ) ಹತ್ತಿದರೆ ಹಾಕಲು ಉಪ್ಪಿನ ಪೊಟ್ಟಣ, ಮೂರು ಸೆಲ್ಲಿನ ಟಾರ್ಚು, ಹಗ್ಗ, ಒಂದು ಡೈರಿ ಇತ್ತು. ನಕ್ಷೆ ಇರಲಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದ. ದನ ಕಾಯುವ ಹುಡುಗನನ್ನು, ಸೊಪ್ಪಿನ ಹೊರೆ ಹೊತ್ತ ಹೆಂಗಸನ್ನು, ಮರದ ತುದಿಯಲ್ಲಿ ಅಡಿಕೆ ಕೊಯ್ಯುತ್ತಿದ್ದ ಕೊನೆಗೌಡನನ್ನು. ಮುಂದೆ ಹೊಳೆ ಎಲ್ಲಿ ದಾಟಬಹುದು? ನೀವಾದರೆ ಯಾವ ಕಡೆಯಿಂದ ಹೋಗ್ತೀರಿ? ಒಬ್ಬರು ಹೇಳಿದ್ದನ್ನು ಮುಂದೆ ಸಿಕ್ಕವರ ಹತ್ತಿರ ಮತ್ತೆ ಕೇಳುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಕಾಡು ಗೊತ್ತಿದ್ದವನ ಹಾಗೆ ಸರಸರ ನಡೆಯಬಾರದಾ ಅನಿಸುತ್ತಿತ್ತು.

ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಕೆಳಗೆ ಬೀಳುತ್ತದೆ. ಸದ್ದಿಗೆ ಕಿವಿ ಕೇಳಿಸುವುದಿಲ್ಲ ಅಂತ ಊರವರು ಅದನ್ನು ಕೆಪ್ಪಜೋಗ ಅನ್ನುತ್ತಾರೆ. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಇದನ್ನು ಕಂಡುಹಿಡಿದ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಅದನ್ನು ಓದಿದಾಗೆಲ್ಲ ಅಣ್ಣನಿಗೆ ಸಿಟ್ಟು ಬರುತ್ತಿತ್ತು. ತಲೆತಲಾಂತರದಿಂದ ಆ ಸದ್ದು ಕೇಳಿಕೊಂಡೇ ಮಲಗಿದ ಹೆಗ್ಗರಣೆಯವರನ್ನು ಯಾರೂ ಕೇಳಲಿಲ್ಲವಲ್ಲ ಅನ್ನುತ್ತಿದ್ದ. ನನಗೂ ಅದು ಸರಿಯೇ ಅನಿಸುತ್ತದೆ.

ಅಲ್ಲಿ ಜಲಪಾತದ ಪಕ್ಕದಿಂದಲೇ ಕೆಳಗಿಳಿಯಬೇಕು ಅಂತ ಅವನಿಗೆ ಆಸೆ ಇತ್ತು. ಹಗ್ಗ ತಂದಿದ್ದೇ ಅದಕ್ಕೆ. ಮಜ್ಜಿಗೆ ಕೊಟ್ಟ ಮನೆಯ ಅಜ್ಜ ನಮ್ಮ ಜೊತೆ ಅಂಚಿನವರೆಗೆ ಬಂದರು. ಅಣ್ಣ ಬಗ್ಗಿ ಬಂಡೆಯ ಮೇಲೆ ಅಂಗೈ ಇಟ್ಟು ಉಜ್ಜಿದ. ಎತ್ತಿದರೆ ಕೈತುಂಬ ಹಸಿರು ಲೋಳೆ. ಅಜ್ಜ ಹೇಳಿದರು: "ಇಲ್ಲಿ ಇಳಿದವರನ್ನ ಕಂಡಿದ್ದೇನೆ ತಮ್ಮಾ, ಹತ್ತಿ ಬಂದವರನ್ನ ಕಂಡಿಲ್ಲ." ಅಣ್ಣ ವಾದ ಮಾಡಲಿಲ್ಲ. ಕೈಯನ್ನು ಪಂಚೆಗೆ ಒರೆಸಿಕೊಂಡ, ಹಗ್ಗ ಸುತ್ತಿ ಚೀಲಕ್ಕೆ ಹಾಕಿದ, ಸುತ್ತುದಾರಿ ಯಾವುದು ಅಂತ ಕೇಳಿದ. ಆ ಸುತ್ತು ಹಾಕಿ ಮತ್ತೆ ಹೊಳೆ ಹಿಡಿಯಲು ಒಂದು ಹಗಲೇ ಹೋಯಿತು. ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದೆ. ಅವನು ಸೀಟಿ ಹಾಕುತ್ತ ನಡೆದ. ಅವನ ಧೈರ್ಯದಲ್ಲಿ ನಾನು ಕಂಡ ದೊಡ್ಡದು ಅದೇ, ಮಾಣಿ. ಬೇಡ ಅಂದ ಕಡೆಯಿಂದ ಮುಖ ಬಾಡಿಸದೆ ತಿರುಗುವುದು.

ಈಗ ಅಳಿವೆಯ ಸಂಗತಿ. ಮಿರ್ಜಾನ ದಾಟಿ ಬಂದರೆ ಹೊಳೆ ಹೊಳೆಯಾಗಿ ಉಳಿದಿರುವುದಿಲ್ಲ, ಅಷ್ಟಗಲ ಹರಡಿಕೊಂಡಿರುತ್ತದೆ. ನಾವು ಹೋದಾಗ ಇಳಿತದ ಹೊತ್ತು. ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಿನಲ್ಲೇ ತಡಕಿ ಬಳಚು ಚಿಪ್ಪು ಹೆಕ್ಕುತ್ತಿದ್ದರು. ಮೇಲೆ ನೀರು ಕೆರೆಯ ಹಾಗೆ ಸುಮ್ಮನಿತ್ತು. ಅಣ್ಣ ಅಂಗಿ ಬಿಚ್ಚಿ ತಯಾರಾಗಿಯೇ ನಿಂತಿದ್ದ. ದೋಣಿ ಇಟ್ಟುಕೊಂಡು ಕೂತಿದ್ದವನು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಒಂದು ತೆಂಗಿನ ಸಿಪ್ಪೆ ತೆಗೆದು ನೀರಿಗೆ ಎಸೆದ. ಅದು ಒಂದು ಗಳಿಗೆ ನಿಂತಂತೆ ಕಂಡು, ಆಮೇಲೆ ಸಮುದ್ರದ ಕಡೆ ಹೊರಟಿತು. ದಡದ ಮೇಲೆ ಅದರ ಜೊತೆಗೇ ಹೋಗಲು ನಾನು ಓಡಬೇಕಾಯಿತು. ತಿರುಗಿ ಬಂದಾಗ ಅಣ್ಣ ಅಂಗಿ ಹಾಕಿಕೊಂಡು ದೋಣಿಯ ಅಂಚಿನಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ.

ಅವತ್ತು ಕೇಳಿ ತಿಳಿದದ್ದನ್ನು ಅವನು ಡೈರಿಯಲ್ಲಿ ಬರೆದಿಟ್ಟಿದ್ದಾನೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ. ಮಳೆಗಾಲದಲ್ಲಿ ಘಟ್ಟದ ನೆರೆ ನೀರು ಮತ್ತು ಇಳಿತ ಎರಡೂ ಸೇರಿ ಒಂದೇ ಕಡೆ ಎಳೆಯುತ್ತವೆ. ಮರಳಿನ ದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತದೆ, ಹಾಗಾಗಿ ಹೋದ ವರ್ಷ ದಾಟಿದವನ ಮಾತು ಈ ವರ್ಷ ನಂಬಬಾರದು. ಇಷ್ಟು ಬರೆದು ಕೆಳಗೆ ದೋಣಿಯವನಿಗೆ ಕೊಟ್ಟ ಬಾಡಿಗೆಯನ್ನೂ ಬರೆದಿದ್ದಾನೆ.

ನೀನು ಹೇಳುವ ತಿಂಗಳು ಯಾವುದು? ಜುಲೈ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಸಮುದ್ರಕ್ಕೆ ಸಿಕ್ಕಿದವನನ್ನು ಎತ್ತಿಕೊಳ್ಳಲು ಹೊರಗೆ ಬೋಟೂ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡವೇ ಗಂಗಾವಳಿಗೆ ಕುಸಿಯಿತು. ಲಾರಿಯೊಂದು ನದಿಯೊಳಗೆ ಸಿಕ್ಕಿ, ಅದು ಮೇಲೆ ಬಂದಿದ್ದು ಸೆಪ್ಟೆಂಬರಿನಲ್ಲಿ. ಎರಡು ತಿಂಗಳು ಅಣ್ಣ ದಿನಾ ಬೆಳಿಗ್ಗೆ ಪೇಪರಿನಲ್ಲಿ ಮೊದಲು ಅದನ್ನೇ ಹುಡುಕುತ್ತಿದ್ದ. ಚಳಿಗಾಲ ಅಂದ ಮಾತ್ರಕ್ಕೆ ಉದಾಸೀನ ಮಾಡುವ ಹಾಗೂ ಇಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅದಾದಮೇಲೆ ಅವನು ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಿದ್ದನ್ನು ನಾನು ನೋಡಿಲ್ಲ. ಅವನ ಕಿತ್ತಳೆ ಬಣ್ಣದ ಜಾಕೆಟ್ ಮೆತ್ತಿನ ಮೇಲೆ ಇದೆ. ನಿನಗೆ ಸರಿಯಾಗುತ್ತದೆ.

ಮಾಣಿ, ಆ ಹೊಳೆಯನ್ನು ನೀನು ಖಂಡಿತ ನಡೆಯಬೇಕು. ಎಲ್ಲೂ ಅಣೆಕಟ್ಟು ಇಲ್ಲದೆ ಸಮುದ್ರ ಸೇರುವ ಹೊಳೆ ಅದು. ಅದರ ಅಳಿವೆಯನ್ನು 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು ಅಂತ ಪೇಪರಿನಲ್ಲಿ ಬಂದ ದಿನ ಅಣ್ಣ ಮನೆಗೆಲ್ಲ ಓದಿ ಹೇಳಿದ್ದ. ಡಿಸೆಂಬರಿನಲ್ಲಿ ಬಾ. ಅಳಿವೆಯನ್ನು ದೋಣಿಯಲ್ಲಿ ದಾಟು.

ಇನ್ನೊಂದು ಮಾತು. ಸೂತಕದ ದಿನಗಳಲ್ಲಿ ಒಂದು ರಾತ್ರಿ ನೀನು, ಅಪ್ಪ ನನ್ನ ಶಾಲೆಯ ಗ್ಯಾದರಿಂಗಿಗೆ ಒಮ್ಮೆಯೂ ಬರಲಿಲ್ಲ ಅಂದೆ. ಹೇಳಿದ ಕೂಡಲೇ, ಸತ್ತವರ ಬಗ್ಗೆ ಹೀಗೆ ಹೇಳಬಾರದಿತ್ತು ಅನ್ನುವ ಹಾಗೆ ತಲೆ ತಗ್ಗಿಸಿದೆ. ತಗ್ಗಿಸಬೇಡ. ನಿನ್ನ ದೂರು ಸುಳ್ಳಲ್ಲ. ಅವನು ಬರಬೇಕಿತ್ತು. ನೀನು ವೇಷ ಹಾಕಿದ ವರ್ಷ ಅವನು ದಾಂಡೇಲಿ ಕಾಡಿನಲ್ಲಿದ್ದ. ಹೊರಟರೆ ಯಾವತ್ತು ಬರುತ್ತೇನೆ ಅಂತ ಹೇಳಿ ಹೋಗುವ ಅಭ್ಯಾಸವೇ ಅವನಿಗಿರಲಿಲ್ಲ. ಅತ್ತಿಗೆ ಕತ್ತಲಾದ ಮೇಲೂ ಜಗಲಿಯ ದೀಪ ಆರಿಸದೆ ಕೂತಿರುತ್ತಿದ್ದರು. ಊರಿನವರನ್ನೆಲ್ಲ ದಾರಿ ಕೇಳಿದವನು ಮನೆಯವರಿಗೆ ದಾರಿ ಹೇಳಿ ಹೋಗಲಿಲ್ಲ. ಇದೊಂದರಲ್ಲಿ ಅವನ ಹಾಗೆ ಆಗಬೇಡ. ನಡೆಯುವಾಗ ಸಂಜೆ ಸಂಜೆ ಅಮ್ಮನಿಗೆ ಫೋನು ಮಾಡು. ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಆ ದಿನಗಳು ಯಾವುವು ಅಂತ ಮೊದಲೇ ಹೇಳಿ ಹೋಗು.

ಅವನ ಮೇಲೆ ಸಿಟ್ಟಿದ್ದರೆ ಇರಲಿ, ಅದರ ಪಕ್ಕದಲ್ಲೇ ಇದನ್ನೂ ಇಟ್ಟುಕೋ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದಾಗ ನಮ್ಮ ಆಯಿಯನ್ನು, ಅಂದರೆ ನಿನ್ನ ಅಜ್ಜಿಯನ್ನು, ಕುಮಟೆಯಿಂದ ಕಾರವಾರಕ್ಕೆ ಕರೆದುಕೊಂಡು ಹೋದ. ಆಯಿ ರೈಲನ್ನೇ ನೋಡಿರಲಿಲ್ಲ. ಸುರಂಗ ಎಲ್ಲೆಲ್ಲಿ ಬರುತ್ತದೆ ಅಂತ ಸ್ಟೇಶನ್ನಿನಲ್ಲೇ ವಿಚಾರಿಸಿಕೊಂಡಿದ್ದ. ಪ್ರತಿ ಸಲ, ಮೊದಲೇ ಅವಳ ಕೈ ಹಿಡಿದು, "ಆಯಿ, ಈಗ ಕತ್ಲೆ ಬತ್ತು ನೋಡು" ಅನ್ನುತ್ತಿದ್ದ. ಆಯಿ ಸಾಯುವವರೆಗೂ ಬಂದವರಿಗೆಲ್ಲ ಆ ರೈಲಿನ ಕತೆ ಹೇಳಿದಳು.

ನಿನ್ನ ಅಪ್ಪ ಕಾಡಿನಲ್ಲಿ ಹೋಗಲಿಲ್ಲ, ನೀರಿನಲ್ಲೂ ಹೋಗಲಿಲ್ಲ. ಎರಡು ದಿನ ಎದೆ ಬಿಗಿಯುತ್ತದೆ ಅನ್ನುತ್ತ, ಗ್ಯಾಸ್ಟ್ರಿಕ್ ಇರಬೇಕು ಅಂತ ಕಷಾಯ ಕುಡಿದುಕೊಂಡು ಓಡಾಡಿದ. ಯಾರನ್ನೂ ಕೇಳಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ಯುವಾಗ ಮುಂಡಗೋಡ ದಾಟಿದ ಮೇಲೆ ಆಂಬುಲೆನ್ಸಿನಲ್ಲೇ ಹೋದ. ಹೃದಯದ ದೊಡ್ಡ ಚಿಕಿತ್ಸೆ ಅಂದರೆ ನಮ್ಮವರು ಇನ್ನೂ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು, ಆ ಹೊತ್ತಿನಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಎದೆ ಹಿಂಡಿದ ಹಾಗಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಕಷಾಯ ಕಾಯಿಸುತ್ತ ಕೂರಬಾರದು. 108ಕ್ಕೆ ಫೋನು ಮಾಡಬೇಕು. ಅಪ್ಪನಿಗೆ ಹೃದಯಾಘಾತ ಆದಮೇಲೆ ಮಗನೂ ಬೇಗ ತೋರಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನಲ್ಲೇ ಇದ್ದೀಯ, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಂಡು ಡಾಕ್ಟರಿಗೆ ಅಪ್ಪನ ವಿಷಯ ಹೇಳು. ಡಿಸೆಂಬರಿನ ನಡಿಗೆಗೆ ಮೊದಲು ಇದು ಆಗಲೇಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಜುಲೈಯಲ್ಲಿ ಸುಮ್ನೆ ಕೂರು ಅಂತ ನಾನು ಹೇಳುವುದಿಲ್ಲ, ನಿನಗೆ ಅದು ಆಗುವುದೂ ಇಲ್ಲ. ಅವನ ಡೈರಿಗಳನ್ನೆಲ್ಲ ಅತ್ತಿಗೆ ನನಗೆ ಕೊಟ್ಟಿದ್ದಾರೆ. ಎಡಗಡೆ ಪುಟದಲ್ಲಿ ಊರು, ದಾರಿ. ಬಲಗಡೆ, ಅಲ್ಲಿ ಯಾರು ಊಟ ಕೊಟ್ಟರು, ಅವರಿಗೆ ಇವನೇನು ಮಾಡಿಕೊಡಬೇಕು. 'ಹೆಗ್ಗರಣೆ ಅಜ್ಜ, ಮಜ್ಜಿಗೆ, ಕನ್ನಡಕ' ಅಂತಿದೆ, ಪಕ್ಕದಲ್ಲಿ ಗೀಟು. ಆ ಅಜ್ಜನನ್ನು ಶಿರಸಿಗೆ ಕರೆಸಿ ಕಣ್ಣು ತೋರಿಸಿ ಕನ್ನಡಕ ಕೊಡಿಸಿದ್ದು ನನಗೂ ನೆನಪಿದೆ. ಗೀಟು ಬೀಳದವು ಕೆಲವು ಉಳಿದಿವೆ. ಕೊನೆಯ ಡೈರಿಯಲ್ಲಿ ಮಾಣಿಕಟ್ಟಾದ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ರೈತರೊಬ್ಬರ ಹೆಸರಿದೆ. ಉಪ್ಪುನೀರು ತಡೆಯುವ ಕಗ್ಗ ಭತ್ತವನ್ನು ಇನ್ನೂ ಬೆಳೆಯುತ್ತಿರುವವರು. ಅವರು ಇವನಿಗೆ ಒಂದು ಚೀಲ ಕಗ್ಗದ ಅಕ್ಕಿ ಕೊಟ್ಟು ಕಳಿಸಿದ್ದರು, ನಾವೆಲ್ಲ ಗಂಜಿ ಮಾಡಿ ಉಂಡೆವು. ಎದುರಿಗೆ 'ಅಪ್ಪೆಮಿಡಿ ಕಸಿ ಗಿಡ' ಅಂತ ಬರೆದಿದ್ದಾನೆ. ಗೀಟು ಇಲ್ಲ.

ಗಿಡ ನೆಡುವುದು ಮಳೆಗಾಲದಲ್ಲೇ. ವರ್ಷಾಂತಿಕದ ಮರುದಿನ ಅದನ್ನು ಬಸ್ಸಿನಲ್ಲಿ ತೆಗೆದುಕೊಂಡು ಹೋಗು. ದೇವಿಮನೆ ಘಟ್ಟದ ರಸ್ತೆ ತೆರೆದಿದೆಯಾ ಅಂತ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ವಿಚಾರಿಸಿ ಹೊರಡು. ಎರಡು ಗಿಡಕ್ಕೆ ನಾನು ಈಗಲೇ ಹೇಳಿಟ್ಟಿದ್ದೇನೆ, ಒಂದು ಬಾಡಿದರೆ ಇನ್ನೊಂದು ಇರಲಿ. ಬೇರಿನ ಮಣ್ಣು ಸಡಿಲ ಆಗದ ಹಾಗೆ ಅಡಿಕೆ ಹಾಳೆಯಲ್ಲಿ ಕಟ್ಟಿಕೊಡುತ್ತೇನೆ. ಡಿಸೆಂಬರಿನಲ್ಲಿ ಅಳಿವೆಗೆ ಯಾವಾಗ ಇಳಿಯಬಹುದು ಅನ್ನುವುದನ್ನೂ ಅವರನ್ನೇ ಕೇಳಿಕೊಂಡು ಬಾ. ಉಂಚಳ್ಳಿಯವರೆಗೆ ನಾನೂ ನಿನ್ನ ಜೊತೆ ಬರುತ್ತೇನೆ, ಮೊಣಕಾಲು ಅಲ್ಲಿಯವರೆಗೆ ತಡೆಯುತ್ತದೆ. ರಜೆ ಯಾವತ್ತು ಸಿಗುತ್ತದೆ ಅಂತ ತಿಳಿಸು.

ಇಂತಿ ನಿನ್ನ ಅಪ್ಪಚ್ಚಿ