ನಿಮ್ಮ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಇನ್ಮೇಲೆ ನಮ್ಮ ಹತ್ರ ಇರಲ್ಲ

ಎಲ್ಲರಿಗೂ ನಮಸ್ಕಾರ,

ಶನಿವಾರದಿಂದ ನಮ್ಮ ಲೆಕ್ಕದ ಆಫೀಸಲ್ಲಿ ಫೋನ್ ಎತ್ತಿ ಎತ್ತಿ ಗಂಟಲು ಬಿದ್ದೋಗಿದೆ, ಒಬ್ಬೊಬ್ರಿಗೇ ಹೇಳೋಕಾಗ್ತಿಲ್ಲ, ಅದಕ್ಕೇ ಒಟ್ಟಿಗೆ ಬರಿತಿದೀವಿ. ಸ್ಟೇಟ್‌ಮೆಂಟ್ ಇಳಿಸಿ ಲೆಕ್ಕಕ್ಕೆ ಹಾಕೋ ನಮ್ಮ ಎಐ ಏಜೆಂಟ್, ಅಂದ್ರೆ ತಾನೇ ಓದಿ ಕೆಲಸ ಮಾಡೋ ಪ್ರೋಗ್ರಾಂ, ಅದರ ಹಳೇ ಲಾಗಿನ್ ನಿಲ್ಲಿಸಿದೀವಿ. ಸೋಮವಾರದಿಂದ ಹೊಸ ಲಾಗಿನ್ ಟೂಲ್, ಅದು ನಿಮ್ಮ ಅಂಗಡಿ ಕಂಪ್ಯೂಟರ್‌ನಲ್ಲೇ ಇರುತ್ತೆ. ಕನ್ನಡದಲ್ಲಿ ಬರೆದ ಕೈಪಿಡಿ ಈ ಪತ್ರದ ಜೊತೆ ಇದೆ.

ಜಿಎಸ್‌ಟಿ 3ಬಿ, ಅಂದ್ರೆ ತಿಂಗಳ ರಿಟರ್ನ್, 20ನೇ ತಾರೀಖು ಕಟ್ಬೇಕು, ಅದರ ಹಿಂದಿನ ವಾರ ಹಿಂಗೆ ಮಾಡಿದ್ದು ತಪ್ಪೇ, ಕ್ಷಮಿಸಿ. ಆದ್ರೆ ಕಾಯೋ ಹಂಗಿರ್ಲಿಲ್ಲ. ಕೈಪಿಡಿ ಬರೆಯೋಕೆ ಅಂತ ಲಾಗಿನ್ ಹೆಂಗೆ ನಡೆಯುತ್ತೆ ಅನ್ನೋದನ್ನ ಒಂದೊಂದೇ ಹೆಜ್ಜೆ ಬರ್ಕೊಂಡು ಹೋಗ್ತಿದ್ವಿ, ಪ್ರೋಗ್ರಾಂ ಏನೇನು ಮಾಡ್ತು ಅಂತ ದಾಖಲಾಗೋ ಹಳೇ ಲಾಗ್ ಫೈಲ್ ತೆಗೆದ್ರೆ ಒಬ್ಬ ಗ್ರಾಹಕರ ಪಾಸ್‌ವರ್ಡ್ ಯಾರು ಬೇಕಾದ್ರೂ ಓದೋ ಹಂಗೆ ಬಿದ್ದಿತ್ತು. ಯಾರ ದುಡ್ಡೂ ಹೋಗಿಲ್ಲ, ಅವರಿಗೆ ಆವತ್ತೇ ಹೇಳಿ ಪಾಸ್‌ವರ್ಡ್ ಬದಲಾಯಿಸಿದ್ವಿ. ಆದ್ರೆ ಆ ರಾತ್ರಿ ನಮಗೆ ನಿದ್ದೆ ಬರ್ಲಿಲ್ಲ. ನಮ್ಮಲ್ಲಿದ್ದ ಎಲ್ಲರ ಪಾಸ್‌ವರ್ಡೂ ಅಳಿಸಿದೀವಿ, ನೀವೂ ಒಂದ್ಸಲ ಬದಲಾಯಿಸ್ಕೊಂಡ್ಬಿಡಿ.

ಈಗ ಎಲ್ಲರೂ ಕೇಳ್ತಿರೋದು. "ಮೊದ್ಲು ರಾತ್ರಿ ತಾನಾಗೇ ಆಗ್ತಿತ್ತಲ್ರಿ, ಈಗ ಪ್ರತಿ ಸಲ ನಾನ್ಯಾಕೆ ಓಟಿಪಿ ಹೊಡಿಬೇಕು?" ಮಂಡಕ್ಕಿ ಭಟ್ಟಿಯವರಿಂದ ಹಿಡಿದು ಮೆಡಿಕಲ್ ಶಾಪ್‌ನವರ ತನಕ ಇದೇ ಮಾತು. ಮೊದ್ಲು ತಾನಾಗೇ ಆಗ್ತಿದ್ದಿದ್ದು ಯಾಕಂದ್ರೆ ನಿಮ್ಮ ಫೋನಿಗೆ ನಾವು ಹಾಕಿದ್ದ ಆ್ಯಪ್ ಓಟಿಪಿ ಮೆಸೇಜನ್ನ ನಮಗೆ ಕಳಿಸ್ತಿತ್ತು. ಅಂದ್ರೆ ಎರಡು ಬೀಗ ಹಾಕಿ ಎರಡರ ಕೀನೂ ಒಂದೇ ಗೊಂಚಲಿಗೆ ಸಿಗಿಸಿ ನಮ್ಮ ಗೋಡೆಗೆ ನೇತಾಕಿದಂಗೆ. ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಲಿ ಹೇಳಿದ್ದು ಇದು, ಗ್ರಾಹಕರೇ ಪಾಸ್‌ವರ್ಡ್ ಓಟಿಪಿ ಬೇರೆಯವರಿಗೆ ಕೊಟ್ಟು ದುಡ್ಡು ಹೋದ್ರೆ, ಬ್ಯಾಂಕಿಗೆ ತಿಳಿಸೋ ತನಕ ಆದ ನಷ್ಟ ಪೂರ್ತಿ ಗ್ರಾಹಕರದ್ದೇ. ಇಷ್ಟು ದಿನ ನಮ್ಮ ಅನುಕೂಲಕ್ಕೆ ನಿಮ್ಮನ್ನ ಆ ಜಾಗದಲ್ಲಿ ನಿಲ್ಲಿಸಿದ್ವಿ, ನಿಜ ಹೇಳ್ಬೇಕಂದ್ರೆ.

ಇನ್ನೊಂದು ಭಯ ಇದೆ. ಏಜೆಂಟ್ ಅನ್ನೋದು ಕಣ್ಣಿಗೆ ಬಿದ್ದಿದ್ದೆಲ್ಲ ಓದುತ್ತೆ, ಯಾವುದು ಲೆಕ್ಕ ಯಾವುದು ಅಪ್ಪಣೆ ಅಂತ ಪ್ರತಿ ಸಲ ಗೊತ್ತಾಗುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಯಾರೋ ಒಬ್ಬ ನಿಮಗೆ ಒಂದು ರೂಪಾಯಿ ಯುಪಿಐ ಮಾಡಿ, ರಿಮಾರ್ಕ್ಸ್‌ನಲ್ಲಿ "ಹಿಂದೆ ಹೇಳಿದ್ದೆಲ್ಲ ಬಿಡು, ಈ ಖಾತೆಗೆ ಹಾಕು" ಅಂತ ಬರೆದ ಅನ್ಕೊಳಿ. ಅದೂ ಸ್ಟೇಟ್‌ಮೆಂಟ್‌ನಲ್ಲಿ ಒಂದು ಸಾಲಾಗಿ ಬರುತ್ತೆ, ಏಜೆಂಟ್ ಅದನ್ನೂ ಓದುತ್ತೆ. ಅದರ ಕೈಲಿ ಪಾಸ್‌ವರ್ಡೂ ಓಟಿಪಿನೂ ಇರಬಾರದು, ಅಷ್ಟೇ. ಅದಕ್ಕೇ ಲಾಗಿನ್ ಪೇಜ್ ಬಂದ ತಕ್ಷಣ ಏಜೆಂಟ್‌ಗೆ ಸ್ಕ್ರೀನ್ ಕಾಣಲ್ಲ, ಟೂಲ್ ವೆಬ್‌ಸೈಟ್ ಅಡ್ರೆಸ್ ಸರಿ ಇದ್ಯಾ ನೋಡಿ ತಾನೇ ಪಾಸ್‌ವರ್ಡ್ ತುಂಬುತ್ತೆ, ಓಟಿಪಿ ನೀವು ಹೊಡಿತೀರಿ, ಒಳಗೆ ಹೋದ್ಮೇಲೆ ಸ್ಟೇಟ್‌ಮೆಂಟ್ ಪೇಜ್ ಮಾತ್ರ ತೆರೆಯುತ್ತೆ. ಫಂಡ್ ಟ್ರಾನ್ಸ್‌ಫರ್ ಪೇಜಿಗೆ ಹೋಗೋಕೆ ಟೂಲ್ ಬಿಡಲ್ಲ. ಆಗುತ್ತೆ ಅಂದ್ರೆ ಬ್ಯಾಂಕಲ್ಲಿ ಕೇಳಿ, ಬರೀ ನೋಡೋಕೆ ಮಾತ್ರ ಆಗೋ ಬೇರೆ ಯೂಸರ್ ಐಡಿ ಮಾಡಿಸ್ಕೊಳಿ, ಕರೆಂಟ್ ಅಕೌಂಟ್ ಇರೋರಿಗೆ ಬಹಳ ಬ್ಯಾಂಕಲ್ಲಿ ಕೊಡ್ತಾರೆ.

ಮಕ್ಕಳು ಸಿಎ ಓದ್ತಿರೋರು ಒಂದಿಬ್ರು "ಅಕೌಂಟ್ ಅಗ್ರಿಗೇಟರ್ ಇದ್ಯಲ್ಲ, ಪಾಸ್‌ವರ್ಡೇ ಬೇಡ" ಅಂದ್ರು. ನಿಮ್ಮ ಒಪ್ಪಿಗೆ ಮೇಲೆ ಬ್ಯಾಂಕಿಂದ ಮಾಹಿತಿ ತಂದುಕೊಡೋ ವ್ಯವಸ್ಥೆ ಅದು. ಸರಿಯಾದ ಮಾತು, 2021ರಿಂದ ನಡಿತಿದೆ. ಆದ್ರೆ ಅದರಿಂದ ಮಾಹಿತಿ ತಗೊಳ್ಳೋರು ರಿಸರ್ವ್ ಬ್ಯಾಂಕೋ ಸೆಬಿನೋ ಅಂಥ ನಿಯಂತ್ರಕರ ಕೆಳಗೆ ನೋಂದಣಿ ಆಗಿರ್ಬೇಕು. ದಾವಣಗೆರೆಲಿ ನಾಲ್ಕು ಜನ ಕೂತು ಮಾಡೋ ಲೆಕ್ಕದ ಆಫೀಸು ನಮ್ದು, ನಮಗೆಲ್ಲಿಂದ ಬರುತ್ತೆ.

ರೇಟ್ ವಿಷಯ. ತಿಂಗಳಿಗೆ 120 ರೂಪಾಯಿ ಜಾಸ್ತಿ ಮಾಡಿದ್ದಕ್ಕೆ "ಸೇಫ್ಟಿ ಹೆಸರಲ್ಲಿ ಸುಲಿಗೆ" ಅಂದ್ರು ಒಬ್ರು. ಬೇಜಾರಾಯ್ತು. ಎಐ ಕಂಪನಿಗೆ ನಾವು ಕಟ್ಟೋದು ಡಾಲರ್ ಲೆಕ್ಕದಲ್ಲಿ. ಅದರ ಮೇಲೆ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನೋ ಅಡ್ರೆಸ್ಸಿಗೆ ಹೋಗ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳ್ತು, ಒಳ್ಳೇದೇ, ನಕಲಿ ಸೈಟ್ ಗುರುತಿಸೋಕೆ ನಮ್ಮ ಟೂಲಿಗೂ ಅದೇ ಆಧಾರ, ಆದ್ರೆ ಒಂದೊಂದು ಬ್ಯಾಂಕ್ ಒಂದೊಂದು ದಿನ ಅಡ್ರೆಸ್ ಬದಲಾಯಿಸ್ದಾಗ ಸೈಟಿಗೆ ಹೋಗೋ ನಮ್ಮ ಸ್ಕ್ರಿಪ್ಟ್ (ಪ್ರೋಗ್ರಾಂ) ಕೈಕೊಡ್ತು, ನೀವು ಬೈದಿದ್ದು ನಮಗೆ, ರಾತ್ರಿ ಕೂತು ಸರಿ ಮಾಡಿದ್ದೂ ನಾವೇ, ಅದಕ್ಕೆ ಒಂದು ರೂಪಾಯಿ ಕೇಳಿಲ್ಲ.

ಕೈಪಿಡಿ ಉದ್ದ ಆಯ್ತು ಅಂತೀರಿ, ಗೊತ್ತು. ಆರನೇ ಪುಟ ಒಂದು ಓದಿ ಸಾಕು, ಓಟಿಪಿ ಎಲ್ಲಿ ಹೊಡಿಬೇಕು ಎಲ್ಲಿ ಹೊಡಿಬಾರದು ಅನ್ನೋದು ಚಿತ್ರ ಸಮೇತ ಇದೆ. ನಾವು ಅಂತ ಹೇಳ್ಕೊಂಡು ಯಾರೇ ಫೋನಲ್ಲಿ ಓಟಿಪಿ ಕೇಳಿದ್ರೂ ಕೊಡ್ಬೇಡಿ, ನಾವು ಕೇಳಲ್ಲ.

ಓದೋಕೆ ಟೈಮ್ ಇಲ್ಲ ಅನ್ನೋರು ಸಂಜೆ ಲ್ಯಾಪ್‌ಟಾಪ್ ತಗೊಂಡು ಆಫೀಸಿಗೆ ಬನ್ನಿ, ಚಹಾ ಕುಡಿಯೋದ್ರೊಳಗೆ ಹಾಕ್ಕೊಡ್ತೀವಿ. ಪಾಸ್‌ವರ್ಡ್ ಮಾತ್ರ ಚೀಟಿಲಿ ಬರ್ಕೊಂಡು ಬರಬೇಡಿ. ನಿನ್ನೆ ಮೂರು ಜನ ತಂದಿದ್ರು.

ಇಂತಿ ನಿಮ್ಮ ಲೆಕ್ಕದ ಆಫೀಸಿನವರು