ಸ್ಲಿಮ್ ಉಪನ್ಯಾಸಮಾಲೆ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಬಗ್ಗೆ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ನಡೆಯುತ್ತಿದ್ದ ನನ್ನ ಉಪನ್ಯಾಸಮಾಲೆ ಕಳೆದ ಭಾನುವಾರ ಮುಗಿಯಿತು.

ಮೊದಲ ಥ್ಯಾಂಕ್ಸ್, "ಬ್ರಿಟಿಷ್ ಜನರಲ್ ಕಥೆ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ಆರಂಭದಲ್ಲೇ ಎದ್ದು ನಿಂತ ಹಿರಿಯರಿಗೆ. ನ್ಯಾಯವಾದ ಪ್ರಶ್ನೆ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನಿಯರನ್ನು ಸೋಲಿಸಿದ ಸ್ಲಿಮ್‌ರ 14ನೇ ಸೇನೆಯಲ್ಲಿ ಹೆಚ್ಚಿನವರು ಭಾರತದ ಸೈನಿಕರೇ. ನಮ್ಮ ಕೊಡಗಿನ ತಿಮ್ಮಯ್ಯನವರು ಬೆಟಾಲಿಯನ್, ಆಮೇಲೆ ಬ್ರಿಗೇಡ್ ಮುನ್ನಡೆಸಿದ್ದೂ ಅದೇ ಬರ್ಮಾ ಯುದ್ಧದಲ್ಲಿ. ಆ ಹಿರಿಯರು ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ.

ಎರಡನೆಯದು, ನಮ್ಮ ಡಾಕ್ಟರಮ್ಮನಿಗೆ. ಮಲೇರಿಯಾ ಬಗ್ಗೆ ಮಾತಾಡಿದ ದಿನ ಅವರಿಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ. 1943ರಲ್ಲಿ ಗಾಯಗೊಂಡ ಒಬ್ಬನನ್ನು ಹಿಂದಕ್ಕೆ ಸಾಗಿಸಿದರೆ, ಕಾಯಿಲೆ ಬಿದ್ದ 120 ಮಂದಿಯನ್ನು ಸಾಗಿಸಬೇಕಾಗುತ್ತಿತ್ತು. ಸ್ಲಿಮ್ ಏನು ಮಾಡಿದರು? ಎಲ್ಲರೂ ಮಲೇರಿಯಾ ತಡೆಯುವ ಮೆಪಕ್ರಿನ್ ಮಾತ್ರೆ ನುಂಗಲೇಬೇಕು ಎಂದರು. ಹೇಳದೆ ಕೇಳದೆ ತಪಾಸಣೆ. ನೂರಕ್ಕೆ 95 ಮಂದಿಯಾದರೂ ನುಂಗಿರದಿದ್ದರೆ ಆ ತುಕಡಿಯ ಅಧಿಕಾರಿಗೆ ಹುದ್ದೆ ಹೋಯಿತು. ಮೂವರನ್ನು ಕಿತ್ತುಹಾಕಿದ ಮೇಲೆ ಉಳಿದವರಿಗೆ ತಾನಾಗಿಯೇ ಅರ್ಥವಾಯಿತು! ಮಾತ್ರೆ ನುಂಗಿದರೆ ಗಂಡಸುತನ ಹೋಗುತ್ತದೆ ಎಂಬ ಗಾಳಿಸುದ್ದಿ ಸೈನಿಕರಲ್ಲಿ ಹೇಗೆ ಹಬ್ಬಿತ್ತು ಎಂದು ಡಾಕ್ಟರಮ್ಮ ವಿವರಿಸುವಾಗ ಇಡೀ ಹಾಲ್ ನಕ್ಕಿತು. ನನಗೆ ಇಂಫಾಲ್, ಕೊಹಿಮಾದಲ್ಲಿ ಜಪಾನಿಯರ ಮೇಲೆ ಸಿಕ್ಕ ಗೆಲುವಿಗಿಂತ ಈ ಮಾತ್ರೆಯ ಕಥೆಯೇ ಜಾಸ್ತಿ ಇಷ್ಟ.

ನಿವೃತ್ತ ಸುಬೇದಾರ್ ಸಾಹೇಬರಿಗೂ ಋಣಿ. 1942ರಲ್ಲಿ ಸ್ಲಿಮ್‌ರ ಪಡೆ ಬರ್ಮಾದಿಂದ ಸುಮಾರು 900 ಮೈಲಿ ಹಿಂದೆ ಸರಿದ ದಾರಿಯನ್ನು ಅವರೇ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಸೋತು ಬರುವ ಪಡೆ ಶಿಸ್ತು ಬಿಡದೆ ಬರುವುದು ಎಷ್ಟು ಕಷ್ಟ ಎಂದು ಅವರ ಬಾಯಲ್ಲೇ ಕೇಳಬೇಕು. ಸ್ಲಿಮ್ ಗೂರ್ಖಾಗಳ ಜೊತೆ ಅವರ ಭಾಷೆಯಲ್ಲೇ ಮಾತಾಡುತ್ತಿದ್ದ ಅಧಿಕಾರಿ ಎಂದಾಗ ಸುಬೇದಾರ್ ಸಾಹೇಬರ ಮುಖ ಅರಳಿದ್ದು ನೋಡಿದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಬಡ ಮಕ್ಕಳಿಗೆ ಪಾಠ ಹೇಳಿ, ಗುಮಾಸ್ತನಾಗಿ ದುಡಿದು, 1914ರಲ್ಲಿ ಸೇನೆ ಸೇರಿದವರು ಸ್ಲಿಮ್. ನಿವೃತ್ತಿಯಾಗಿ ರೈಲ್ವೆ ಆಡಳಿತದಲ್ಲಿದ್ದವರನ್ನು 1948ರಲ್ಲಿ ವಾಪಸ್ ಕರೆಸಿ ಬ್ರಿಟಿಷ್ ಸೇನೆಗೇ ಮುಖ್ಯಸ್ಥರನ್ನಾಗಿ ಮಾಡಿದರು. ಬ್ರಿಟಿಷರ ಕಾಲದ ಭಾರತೀಯ ಸೇನೆಯಿಂದ ಬಂದ ಅಧಿಕಾರಿಗೆ ಆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದ ವರ್ಷಗಳನ್ನು ನಾನು ಬೇಗ ಮುಗಿಸಿದೆ. ಸಹಿಸಿಕೊಂಡಿರಿ.

ಹಾಲ್ ಬಿಟ್ಟುಕೊಟ್ಟ ಲೈಬ್ರರಿಯವರಿಗೆ, ಕುರ್ಚಿ ಜೋಡಿಸಿದ ಹುಡುಗರಿಗೆ, ಭಾನುವಾರಗಳನ್ನು ಬಿಟ್ಟುಕೊಟ್ಟ ಮನೆಯವರಿಗೆ ನಮಸ್ಕಾರ. ಮುಂದಿನ ಮಾಲೆ ತಿಮ್ಮಯ್ಯನವರ ಮೇಲೆ. ಸುಬೇದಾರ್ ಸಾಹೇಬರು ಆಗಲೇ ಒಪ್ಪಿದ್ದಾರೆ. ಆ ಹಿರಿಯರೂ ಬರಬೇಕು, ಪ್ರಶ್ನೆ ತಂದರೆ ಇನ್ನೂ ಒಳ್ಳೆಯದು.